ಡಬ್ಬದ ಮೇಲೆ 1200 ವ್ಯಾಟ್, ಹಿಂದೆ ಲೇಬಲ್‌ನಲ್ಲಿ 60 ವ್ಯಾಟ್. ಯಾವುದನ್ನು ನಂಬುವುದು?

ಕಟಪಾಡಿ_ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಅಪ್ಪನಿಗೆ ಯಕ್ಷಗಾನ ಅಂದರೆ ಪ್ರಾಣ. ಮೊದಲೆಲ್ಲ ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಮನೆಗೆ ಬರುತ್ತಿದ್ದರು. ಈಗ ಮಂಡಿ ನೋವು, ಅಷ್ಟು ಹೊತ್ತು ಕೂರಲು ಆಗುವುದಿಲ್ಲ. ಹಾಗಾಗಿ ಸಂಜೆ ಚಾವಡಿಯಲ್ಲಿ ಕೂತು ರೆಕಾರ್ಡಿಂಗ್ ಕೇಳುತ್ತಾರೆ. ಸುಮಾರು 20 ವರ್ಷದ ಹಿಂದೆ ಉಡುಪಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಒಬ್ಬರು ಕಟ್ಟಿಕೊಟ್ಟ ಆಂಪ್ಲಿಫೈಯರ್ ಇತ್ತು. ಎತ್ತಲು ಎರಡು ಕೈ ಬೇಕು, ಅಷ್ಟು ಭಾರ. ಒಂದೊಂದು ಕಡೆಗೆ 35 ವ್ಯಾಟ್ ಬರುತ್ತದೆ ಎಂದು ಅವರು ಹೇಳಿದ್ದರಂತೆ. ಕಳೆದ ಮಳೆಗಾಲದಲ್ಲಿ ಅದರ ಎಡಗಡೆ ಸ್ವರ ನಿಂತುಹೋಯಿತು. ವಾಲ್ಯೂಮ್ ತಿರುಗಿಸಿದರೆ ಕರಕರ ಶಬ್ದ.

ಹಳೆಯದನ್ನು ರಿಪೇರಿ ಮಾಡಿಸುವುದಕ್ಕಿಂತ ಹೊಸದೇ ತರೋಣ ಅಂತ ಆನ್‌ಲೈನ್‌ನಲ್ಲಿ 3,800 ರೂಪಾಯಿ ಕೊಟ್ಟು ಒಂದು ತರಿಸಿದೆ. ಬ್ಲೂಟೂತ್, ಯುಎಸ್‌ಬಿ, ರಿಮೋಟ್ ಎಲ್ಲ ಉಂಟು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 1200 ವ್ಯಾಟ್ಸ್ ಎಂದು ಬರೆದಿದೆ. 35 ವ್ಯಾಟ್‌ನದ್ದೇ ಅಷ್ಟು ಚೆನ್ನಾಗಿ ಕೇಳುತ್ತಿತ್ತು, ಇನ್ನು 1200 ಅಂದರೆ ಪಕ್ಕದ ಮನೆಯವರು ಬೈದಾರು ಅಂತ ನಾನು ಹೆದರಿದ್ದೆ.

ಅದೇ ಹಳೆ ಸ್ಪೀಕರ್‌ಗಳಿಗೆ ಜೋಡಿಸಿದೆ. ತಾಳಮದ್ದಳೆ ಹಾಕಿದರೆ ಅರ್ಥಗಾರಿಕೆ ಸ್ಪಷ್ಟವಾಗಿ ಕೇಳುತ್ತದೆ, ಏನೂ ತೊಂದರೆ ಇಲ್ಲ. ಆದರೆ ಆಟದ ರೆಕಾರ್ಡಿಂಗ್‌ನಲ್ಲಿ ಯುದ್ಧದ ಪದ ಬಂದು ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಸ್ವರ ಒಡೆಯುತ್ತದೆ. ಚೆಂಡೆಯ ಆ ಗಟ್ಟಿ ನಾದ ಹೋಗಿ ತಗಡು ಬಡಿದ ಹಾಗೆ ಆಗುತ್ತದೆ, ಜೊತೆಗೆ ಭಾಗವತರ ಸ್ವರವೂ ಕಲಸಿಹೋಗುತ್ತದೆ. ಅಪ್ಪ ಎರಡು ದಿನ ಕೇಳಿದರು. ಮೂರನೇ ದಿನ "ಇದು ಬೇಡ ಮಗಾ, ಹಳೆಯದರಲ್ಲಿ ಒಂದೇ ಕಡೆ ಕೇಳಿದರೂ ಸಾಕು" ಎಂದರು. ನನಗೆ ತುಂಬಾ ಬೇಜಾರಾಯಿತು.

ನಿನ್ನೆ ಹಿಂಬದಿ ತಿರುಗಿಸಿ ನೋಡಿದೆ. ಸಣ್ಣ ಸ್ಟಿಕ್ಕರ್‌ನಲ್ಲಿ 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್ ಎಂದಿದೆ. ಡಬ್ಬವನ್ನು ಮತ್ತೆ ನೋಡಿದರೆ 1200ರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಪಿಎಂಪಿಒ ಎಂದಿದೆ. 60 ವ್ಯಾಟ್ ಕರೆಂಟ್ ತಿಂದು 1200 ವ್ಯಾಟ್ ಸ್ವರ ಕೊಡುವುದು ಹೇಗೆ? ತಪ್ಪು ಸ್ಪೀಕರಿನದ್ದಾ, ಆಂಪ್ಲಿಫೈಯರಿನದ್ದಾ, ಅಥವಾ ನಾನೇ ಏನಾದರೂ ತಪ್ಪಾಗಿ ಜೋಡಿಸಿದ್ದೇನಾ? ತಿಳಿದವರು ಹೇಳಿ.

ಸೋಲ್ಡರ್_ಹೊಗೆ

ಜೋಡಿಸಿದ್ದರಲ್ಲಿ ತಪ್ಪಿಲ್ಲ ಮಾರಾಯ್ರೆ, ಸ್ಪೀಕರ್ ಕೂಡ ಸರಿಯಾಗಿಯೇ ಇರಬೇಕು. ಬಾವಿಯಲ್ಲಿ ಇದ್ದರೆ ತಾನೇ ಕೊಡಪಾನಕ್ಕೆ ಬರುವುದು? ಗೋಡೆಯ ಪ್ಲಗ್ಗಿನಿಂದ ಎಳೆದುಕೊಂಡ ಕರೆಂಟನ್ನೇ ಆಂಪ್ಲಿಫೈಯರ್ ಸ್ಪೀಕರಿಗೆ ಕೊಡುವುದು. ಅದರಲ್ಲೂ ಒಂದು ಪಾಲು ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಂ ಪಟ್ಟಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಕ್ಲಾಸ್ ಎಬಿ ಅನ್ನುವ ಹಳೆ ಮಾದರಿಯಲ್ಲಿ ಪೂರ್ತಿ ಜೋರಾಗಿ ಹಾಕಿದಾಗಲೂ ಒಳಗೆ ಹೋದದ್ದರಲ್ಲಿ ಹೆಚ್ಚುಕಡಿಮೆ 60 ಪರ್ಸೆಂಟ್ ಮಾತ್ರ ಹೊರಗೆ ಬರುತ್ತದೆ. ಕ್ಲಾಸ್ ಡಿ ಅನ್ನುವ ಹೊಸ ಮಾದರಿ ಆದರೆ 85ರಿಂದ 90.

ಪಿಎಂಪಿಒ ಎಂದರೆ ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್. ಅದನ್ನು ಹೀಗೇ ಅಳೆಯಬೇಕು ಎಂಬ ಒಪ್ಪಿತ ಲೆಕ್ಕ ಇಲ್ಲ. ಕಣ್ಣು ಮುಚ್ಚಿ ಬಿಡುವಷ್ಟು ಹೊತ್ತು ಕೂಡ ಆ ಶಕ್ತಿ ಬರಬೇಕಾಗಿಲ್ಲ. ಕ್ಯಾಸೆಟ್ ಪ್ಲೇಯರಿನ ಕಾಲದಿಂದ ಇದು ನಡೆದು ಬಂದಿದೆ, ಕೈಯಲ್ಲಿ ಹಿಡಿಯುವ ಸೆಟ್ಟಿನ ಮೇಲೂ ನೂರಾರು ವ್ಯಾಟ್ ಎಂದು ಬರೆಯುತ್ತಿದ್ದರು. ನೀವು ಹುಡುಕಬೇಕಾದ್ದು ಆರ್‌ಎಂಎಸ್ ಎಂಬ ಅಕ್ಷರ, ಅಂದರೆ ನಿಲ್ಲದೆ ಕೊಡಬಲ್ಲ ಶಕ್ತಿ. ಅದರ ಪಕ್ಕದಲ್ಲಿ ಎಷ್ಟು ಓಮ್ (ಸ್ಪೀಕರಿನ ತಡೆ), ಎಷ್ಟು ಪರ್ಸೆಂಟ್ ಡಿಸ್ಟಾರ್ಷನ್ (ಸ್ವರ ಕೆಡುವ ಪ್ರಮಾಣ) ಎಂದು ಬರೆದಿರಬೇಕು. ಅದಿಲ್ಲದೆ ಬರೇ ವ್ಯಾಟ್ ಎಂದಿದ್ದರೆ ಆ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ಲಗ್ ತೆಗೆದು ಅರ್ಧ ಗಂಟೆ ಬಿಟ್ಟು ಮುಚ್ಚಳ ತೆರೆಯಿರಿ. ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಕೈ ಹಾಕಬೇಡಿ, ಬರೇ ಫೋಟೋ ತೆಗೆಯಿರಿ. ಟ್ರಾನ್ಸ್‌ಫಾರ್ಮರ್ ಮೇಲೆ ಏನು ಬರೆದಿದೆ, ಹೀಟ್ ಸಿಂಕ್‌ಗೆ ತಿರುಪು ಹಾಕಿದ ಐಸಿಯ (ಸ್ವರ ದೊಡ್ಡದು ಮಾಡುವ ಚಿಪ್) ಮೇಲೆ ಏನು ಬರೆದಿದೆ, ಇವೆರಡು ಹೇಳಿದರೆ ನಾನು ಇಲ್ಲಿಂದಲೇ ವ್ಯಾಟ್ ಹೇಳುತ್ತೇನೆ.

ಕಟಪಾಡಿ_ಹುಡುಗ

ತೆರೆದು ನೋಡಿದೆ. ಡಬ್ಬದ ಒಳಗೆ ಮುಕ್ಕಾಲು ಪಾಲು ಖಾಲಿ ಜಾಗ! ಟ್ರಾನ್ಸ್‌ಫಾರ್ಮರ್ ನನ್ನ ಮುಷ್ಟಿಯಷ್ಟು ದೊಡ್ಡದು, ಅದರ ಮೇಲೆ 12-0-12, 3 ಆಂಪ್ ಎಂದಿದೆ. ಐಸಿ ಎರಡು ಇವೆ, ಐದೈದು ಕಾಲಿನದ್ದು. ಟಿಡಿಎ2030 ಎಂದು ಓದಲು ಬರುತ್ತದೆ. ಅಲ್ಯೂಮಿನಿಯಂ ಪಟ್ಟಿ ನನ್ನ ಎರಡು ಬೆರಳಿನಷ್ಟು ಅಗಲ.

ಸೋಲ್ಡರ್_ಹೊಗೆ

ಅಂದುಕೊಂಡದ್ದೇ ಆಯಿತು. ಲೆಕ್ಕ ನೋಡಿ. 12 ವೋಲ್ಟ್ ಎಸಿಯನ್ನು ಡಿಸಿ ಮಾಡಿದರೆ 16ರ ಆಸುಪಾಸು ಬರುತ್ತದೆ, ಹಾಡು ಜೋರಾದಾಗ ಅದು 14ಕ್ಕೆ ಇಳಿಯುತ್ತದೆ. ಈ ಐಸಿಯ ಡೇಟಾಶೀಟ್ ಪ್ರಕಾರ ಪ್ಲಸ್ ಮೈನಸ್ 14 ವೋಲ್ಟ್ ಕೊಟ್ಟರೆ 4 ಓಮ್ ಸ್ಪೀಕರಿಗೆ ಸುಮಾರು 14 ವ್ಯಾಟ್, 8 ಓಮ್‌ಗೆ ಸುಮಾರು 9 ವ್ಯಾಟ್. ನಿಮ್ಮ ಹಳೆ ಸ್ಪೀಕರ್ 8 ಓಮ್ ಇರಬಹುದು, ಹಿಂದೆ ಬರೆದಿರುತ್ತಾರೆ ನೋಡಿ. ಹಾಗಿದ್ದರೆ ಎರಡೂ ಕಡೆ ಸೇರಿ 18 ವ್ಯಾಟ್. 1200 ಅಲ್ಲ, 18.

ಐಸಿಯನ್ನು ಬೈಯಬೇಡಿ. ನಾನು ಸೋಲ್ಡರ್ ಹಿಡಿಯಲು ಕಲಿತದ್ದೇ ಅದರಲ್ಲಿ. ಪಾಪ, ಅದರ ಕೈಲಾದಷ್ಟು ನಿಯತ್ತಾಗಿ ಕೊಡುತ್ತದೆ. ಸುಳ್ಳು ಇರುವುದು ಡಬ್ಬದ ಮೇಲೆ.

ಬಿಜೈ_ಸೌಂಡ್

ಸೋಲ್ಡರ್ ಅಣ್ಣ ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಹಿಂಬದಿಯ ಸ್ಟಿಕ್ಕರ್ ನೋಡಿಯೇ ಎಲ್ಲ ನಿರ್ಧಾರ ಮಾಡುವವರನ್ನು ಜಾಸ್ತಿ ನೋಡಿದ್ದೇನೆ. ಆ ಲೇಬಲ್‌ನ ವ್ಯಾಟ್ ಅನ್ನು ಸುರಕ್ಷತೆಯ ಪರೀಕ್ಷೆಗಾಗಿ ಅಳೆಯುತ್ತಾರೆ. ಆಂಪ್ಲಿಫೈಯರ್ ತನ್ನ ಪೂರ್ತಿ ಶಕ್ತಿಯ ಎಂಟನೇ ಒಂದು ಪಾಲು ಕೊಡುತ್ತಿರುವಾಗ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದು ಅಲ್ಲಿ ಲೆಕ್ಕ. ಮನೆಯಲ್ಲಿ ಸಂಗೀತ ಕೇಳುವಾಗ ಸರಾಸರಿ ಅಷ್ಟೇ ಹೋಗುವುದು. ಹಾಗಾಗಿ ಒಳ್ಳೆ ಕಂಪನಿಯ ಆಂಪ್ಲಿಫೈಯರ್ ಕೂಡ ಸ್ವಲ್ಪ ಹೊತ್ತಿಗೆ ಲೇಬಲ್‌ಗಿಂತ ಜಾಸ್ತಿ ಕೊಟ್ಟೀತು. ಎರಡು ಪಟ್ಟು ಆದರೆ ನಂಬಬಹುದು. 20 ಪಟ್ಟು ಸಾಧ್ಯವೇ ಇಲ್ಲ. ಬಿಐಎಸ್ ಎಂಬ ಸರ್ಕಾರಿ ಮಾನಕ ಸಂಸ್ಥೆಯ ಗುರುತು ಇದ್ದರೂ ಅದು ಶಾಕ್ ಹೊಡೆಯುವುದಿಲ್ಲ, ಬೆಂಕಿ ಹಿಡಿಯುವುದಿಲ್ಲ ಎಂಬುದಕ್ಕೆ. ವ್ಯಾಟ್ ನಿಜ ಎಂಬುದಕ್ಕೆ ಅಲ್ಲ.

ಈ ಮೋಸ ಅಗ್ಗದ ಡಬ್ಬಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ನಾನು ನಾಲ್ಕು ವರ್ಷದ ಹಿಂದೆ ಒಂದು ಏವಿ ರಿಸೀವರ್ (ಸಿನಿಮಾ ನೋಡಲು ಹಲವು ಸ್ಪೀಕರ್ ಓಡಿಸುವ ಆಂಪ್ಲಿಫೈಯರ್) ತೆಗೆದುಕೊಂಡೆ, ಬೆಲೆ ಕೇಳಿದರೆ ಮನೆಯವರು ಇವತ್ತಿಗೂ ಮುಖ ಸಿಂಡರಿಸುತ್ತಾರೆ. 7 ಚಾನೆಲ್, ಒಂದೊಂದಕ್ಕೆ 150 ವ್ಯಾಟ್ ಎಂದು ಜಾಹೀರಾತು. ಕೈಪಿಡಿಯ ಕೊನೆ ಪುಟದಲ್ಲಿ ಓದಿದರೆ ಆ 150 ಬರುವುದು 6 ಓಮ್‌ಗೆ, 1 ಕಿಲೋಹರ್ಟ್ಸ್ ಒಂದೇ ಸ್ವರಕ್ಕೆ, 10 ಪರ್ಸೆಂಟ್ ಡಿಸ್ಟಾರ್ಷನ್ ಬಿಟ್ಟುಕೊಟ್ಟು, ಅದೂ ಒಂದು ಚಾನೆಲ್ ಮಾತ್ರ ಓಡುವಾಗ. 10 ಪರ್ಸೆಂಟ್ ಅಂದರೆ ಕಿವಿ ಇದ್ದವರಿಗೆಲ್ಲ ಒಡೆದದ್ದು ಗೊತ್ತಾಗುತ್ತದೆ. ಅದೇ ಪುಟದಲ್ಲಿ ಎರಡು ಸಾಲು ಕೆಳಗೆ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಓಡುವಾಗ, 0.08 ಪರ್ಸೆಂಟ್‌ನಲ್ಲಿ 80 ವ್ಯಾಟ್ ಎಂದು ಬರೆದಿದ್ದರು. ಆ ಸಾಲು ನಿಜವಾದ್ದು. ಏಳೂ ಚಾನೆಲ್ ಒಟ್ಟಿಗೆ ಓಡಿದರೆ ಎಷ್ಟು ಎಂದು ಎಲ್ಲಿಯೂ ಬರೆದಿಲ್ಲ, ಯಾಕೆಂದರೆ ಏಳಕ್ಕೂ ಕರೆಂಟ್ ಕೊಡುವುದು ಒಂದೇ ಟ್ರಾನ್ಸ್‌ಫಾರ್ಮರ್.

ಅಮೆರಿಕದಲ್ಲಿ ಇದೇ ಗಲಾಟೆ ಜಾಸ್ತಿಯಾಗಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಒಂದು ನಿಯಮ ಮಾಡಿತು. ವ್ಯಾಟ್ ಎಂದು ಜಾಹೀರಾತು ಕೊಟ್ಟರೆ ಎಷ್ಟು ಓಮ್‌ಗೆ, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ಎಷ್ಟು ಡಿಸ್ಟಾರ್ಷನ್ ಎಂದೂ ಹೇಳಲೇಬೇಕು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಈಗ 8 ಓಮ್, 20ರಿಂದ 20,000 ಹರ್ಟ್ಸ್, 1 ಪರ್ಸೆಂಟ್‌ಗಿಂತ ಕಡಿಮೆ ಡಿಸ್ಟಾರ್ಷನ್‌ನಲ್ಲಿ ಅಳೆಯಬೇಕು. ಇಲ್ಲಿ ಕೊಳ್ಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಹೊರದೇಶದಲ್ಲೂ ಮಾರುವ ಮಾಡೆಲ್ ಆದರೆ ಆ ಸಾಲು ಎಲ್ಲಾದರೂ ಸಿಗುತ್ತದೆ.

ಎಂಟು_ಓಮ್

ಚೆಂಡೆಗೆ ಮಾತ್ರ ಒಡೆಯುತ್ತದೆ, ತಾಳಮದ್ದಳೆಗೆ ಇಲ್ಲ ಎಂದಿರಲ್ಲ, ಅದರ ಕಾರಣ ಯಾರೂ ಹೇಳಲಿಲ್ಲ.

ಮಾತಿಗೆ, ಭಾಗವತಿಕೆಗೆ ಮನೆಯ ಚಾವಡಿಯಲ್ಲಿ ಬೇಕಾಗುವುದು ಅರ್ಧ ವ್ಯಾಟ್, ಹೆಚ್ಚೆಂದರೆ ಒಂದು. ನಿಜವಾಗಿ ಅಷ್ಟೇ. ಸಾಮಾನ್ಯ ಸ್ಪೀಕರಿಗೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಬರುತ್ತದೆ, ಅದು ಮನೆಯೊಳಗೆ ಜೋರೇ. ಆದರೆ ಚೆಂಡೆಯ ಕೋಲು ಬಿದ್ದ ಆ ಕ್ಷಣ ಸುತ್ತಲಿನ ಸ್ವರಕ್ಕಿಂತ 15 ಡೆಸಿಬೆಲ್ ಮೇಲೆ ಹಾರಬಹುದು. 10 ಡೆಸಿಬೆಲ್ ಅಂದರೆ ಶಕ್ತಿ 10 ಪಟ್ಟು, 15 ಅಂದರೆ 30 ಪಟ್ಟಿಗಿಂತ ಜಾಸ್ತಿ. ಅರ್ಧ ವ್ಯಾಟ್‌ನಲ್ಲಿ ಪದ ಹೋಗುತ್ತಿದ್ದರೆ ಪೆಟ್ಟಿಗೆ 16 ವ್ಯಾಟ್ ಬೇಕು. ನಿಮ್ಮದು 9ಕ್ಕೇ ನಿಲ್ಲುತ್ತದೆ. ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ನೀವು ಹೇಳಿದ ತಗಡಿನ ಶಬ್ದ ಅದೇ. ಪೆಟ್ಟಿನ ಹೊತ್ತಿಗೇ ಭಾಗವತರ ಸ್ವರವೂ ಕಲಸುವುದು ಯಾಕೆಂದರೆ ಎರಡೂ ಒಂದೇ ಅಲೆಯ ಮೇಲೆ ಕೂತಿರುತ್ತವೆ, ತಲೆ ಕತ್ತರಿಸಿದರೆ ಎರಡರದ್ದೂ ಹೋಗುತ್ತದೆ. ಹಳೆಯದು 35 ವ್ಯಾಟ್ ಆಗಿದ್ದರೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಜಾಗ ಉಳಿದಿತ್ತು.

ಇನ್ನೊಂದು ವಿಷಯ. ನಮ್ಮ ಕಡೆ ಮಳೆಗಾಲದ ಸಂಜೆ ವೋಲ್ಟೇಜ್ 190ಕ್ಕೆ ಇಳಿಯುವುದುಂಟು. ಇಂಥ ಸರಳ ಟ್ರಾನ್ಸ್‌ಫಾರ್ಮರ್ ಆಂಪ್ಲಿಫೈಯರಿನಲ್ಲಿ ಒಳಗಿನ ವೋಲ್ಟೇಜೂ ಅಷ್ಟೇ ಇಳಿಯುತ್ತದೆ, ಶಕ್ತಿ ಅದರ ವರ್ಗದಂತೆ ಇಳಿಯುತ್ತದೆ. 9 ವ್ಯಾಟ್ ಇದ್ದದ್ದು 6 ಆಗುತ್ತದೆ. ಅಪ್ಪ ಸಂಜೆಯೇ ಕೇಳುವುದು ಅಲ್ವಾ?

ಅಳೆದು ನೋಡುವ ಮನಸ್ಸಿದ್ದರೆ ದಾರಿ ಹೇಳುತ್ತೇನೆ, ಖರ್ಚು ಜಾಸ್ತಿ ಇಲ್ಲ. 8.2 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ನಾಲ್ಕು ತನ್ನಿ. ಎರಡೆರಡನ್ನು ಸೀರೀಸ್‌ನಲ್ಲಿ ಸೇರಿಸಿ, ಆ ಎರಡು ಜೊತೆಯನ್ನು ಪ್ಯಾರಲೆಲ್ ಮಾಡಿದರೆ ಮತ್ತೆ 8.2 ಓಮ್ ಆಗುತ್ತದೆ, ಆದರೆ 40 ವ್ಯಾಟ್ ತಡೆಯುತ್ತದೆ. ಎರಡೂ ಕಡೆ ಒಟ್ಟಿಗೆ ಅಳೆಯಬೇಕಾದರೆ ಎಂಟು ತನ್ನಿ. ಸ್ಪೀಕರ್ ಬದಲು ಇದನ್ನು ಜೋಡಿಸಿ. ಕೈ ಸುಡುವಷ್ಟು ಬಿಸಿಯಾಗುತ್ತದೆ, ಮೇಜಿನ ಮೇಲೆ ಇಡಬೇಡಿ, ಒಂದು ಹಂಚಿನ ತುಂಡಿನ ಮೇಲೆ ಇಡಿ. ಫೋನಿನಲ್ಲಿ ಟೋನ್ ಜನರೇಟರ್ ಆಪ್ ಹಾಕಿ 200 ಹರ್ಟ್ಸ್ ಸೈನ್ ಅಲೆ ಕೊಡಿ. ಅಗ್ಗದ ಮಲ್ಟಿಮೀಟರ್ 400 ಹರ್ಟ್ಸ್ ದಾಟಿದರೆ ಸರಿ ತೋರಿಸುವುದಿಲ್ಲ, ಅದಕ್ಕೆ 200 ಸಾಕು.

ಒಡೆಯಲು ಶುರುವಾದದ್ದು ಗೊತ್ತಾಗುವುದು ಹೇಗೆ? ಯಾವುದಾದರೂ ಹಳೆ ಟ್ರಾನ್ಸಿಸ್ಟರ್ ರೇಡಿಯೋದ ಸಣ್ಣ ಸ್ಪೀಕರ್ ಇದ್ದರೆ ಅದನ್ನು 100 ಓಮ್‌ನ ಒಂದು ರೆಸಿಸ್ಟರ್ ಮೂಲಕ ಆ ಸಿಮೆಂಟ್ ರೆಸಿಸ್ಟರ್‌ಗಳ ಗುಂಪಿಗೆ ಪ್ಯಾರಲೆಲ್ ಹಾಕಿ. ಮೆಲ್ಲಗೆ ಊಂ ಎಂದು ಕೇಳುತ್ತದೆ. ವಾಲ್ಯೂಮ್ ಏರಿಸುತ್ತಾ ಹೋಗಿ, ಆ ಊಂ ಒಮ್ಮೆಗೆ ಝರ್ರ್ ಎಂದು ಹರಿದ ಹಾಗೆ ಆದಾಗ ಒಂದು ಕೂದಲಿನಷ್ಟು ಹಿಂದೆ ಬನ್ನಿ. ಆಗ ಮಲ್ಟಿಮೀಟರ್ ಎಸಿಯಲ್ಲಿ ಎಷ್ಟು ವೋಲ್ಟ್ ತೋರಿಸುತ್ತದೆ ನೋಡಿ. ಅದನ್ನು ಅದರಿಂದಲೇ ಗುಣಿಸಿ 8.2ರಿಂದ ಭಾಗಿಸಿ. ಬಂದದ್ದೇ ನಿಮ್ಮ ವ್ಯಾಟ್. ಹತ್ತು ಸೆಕೆಂಡಿಗಿಂತ ಜಾಸ್ತಿ ಹಾಗೆ ಬಿಡಬೇಡಿ.

ಮಲ್ಪೆಗಾಳಿ

ಅಳೆಯುವುದೆಲ್ಲ ಸರಿ, ಮೊದಲು ರಿಟರ್ನ್ ಕೊಡುವ ದಿನ ಉಂಟಾ ನೋಡಿ. ಇಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಅವಕಾಶ ಇದೆ. ಡಬ್ಬದ ಫೋಟೋ, ಬಿಲ್, ಒಳಗಿನ ಟ್ರಾನ್ಸ್‌ಫಾರ್ಮರಿನ ಫೋಟೋ ಇಟ್ಟುಕೊಳ್ಳಿ.

ಮತ್ತೆ ಅದೇ ತಪ್ಪು ಇನ್ನೊಂದು ಕಡೆ ಮಾಡಬೇಡಿ. ನಾನು ಮಾಡಿದ್ದೆ. ಟಿಪಿಎ3116 ಅನ್ನುವ ಐಸಿಯ ಆಂಪ್ಲಿಫೈಯರ್ ಬೋರ್ಡ್ ಒಳ್ಳೆಯದು ಎಂದು ಯಾರೋ ಹೇಳಿದರು, ಕೂಡಲೇ ತರಿಸಿದೆ, ಎರಡು ಚಾನೆಲ್, ಒಂದೊಂದಕ್ಕೆ 50 ವ್ಯಾಟ್ ಎಂದಿತ್ತು. ಮನೆಯಲ್ಲಿದ್ದ 12 ವೋಲ್ಟ್, 2 ಆಂಪ್ ಅಡಾಪ್ಟರ್ ಹಾಕಿದೆ. ಅಡಾಪ್ಟರೇ ಕೊಡುವುದು 24 ವ್ಯಾಟ್, ಬೋರ್ಡ್ 100 ಎಲ್ಲಿಂದ ತರಬೇಕು? ಆ 50 ಬರುವುದು 21 ವೋಲ್ಟ್ ಕೊಟ್ಟು 4 ಓಮ್ ಸ್ಪೀಕರ್ ಹಾಕಿದಾಗ, ಅದೂ 10 ಪರ್ಸೆಂಟ್ ಡಿಸ್ಟಾರ್ಷನ್‌ಗೆ. 12 ವೋಲ್ಟ್‌ನಲ್ಲಿ 8 ಓಮ್‌ಗೆ ಸ್ವರ ಒಡೆಯದೆ 9 ವ್ಯಾಟ್ ದಾಟುವುದಿಲ್ಲ. ಆಮೇಲೆ 24 ವೋಲ್ಟ್, 5 ಆಂಪ್‌ನದ್ದು ಹಾಕಿದೆ, ಅದೇ ಬೋರ್ಡ್ ಬೇರೆಯೇ ಆಯಿತು. ಕೋಣೆ ತುಂಬುತ್ತದೆ ಈಗ.

ಆದರೆ ನನ್ನ ಕೇಳಿಕೆ ಬೇರೆ. ಆ ಹಳೆಯದು ಎಲ್ಲಿದೆ? ಬಿಸಾಡಿದಿರಾ?

ಕಟಪಾಡಿ_ಹುಡುಗ

ಬಿಸಾಡಿಲ್ಲ, ಅಪ್ಪ ಬಿಡಲಿಲ್ಲ. ಅಟ್ಟದಲ್ಲಿ ಗೋಣಿ ಸುತ್ತಿ ಇಟ್ಟಿದ್ದಾರೆ.

ಸೋಲ್ಡರ್_ಹೊಗೆ

ಇಳಿಸಿ ಮಾರಾಯ್ರೆ! ಮೊದಲು ಅದನ್ನು ಇಳಿಸಿ. ಒಂದು ಕಡೆ ಸ್ವರ ಹೋಗುವುದು, ವಾಲ್ಯೂಮ್ ಕರಕರ ಅನ್ನುವುದು, ಇವು ಕಡಲಕರೆಯ ಉಪ್ಪುಗಾಳಿಗೆ ಬರುವ ಮಾಮೂಲಿ ಕಾಯಿಲೆ. ನೂರರಲ್ಲಿ ಎಷ್ಟೋ ಸಲ ಐಸಿ ಹೋಗಿರುವುದೇ ಇಲ್ಲ. ಹಿಂಬದಿಯ ಸ್ಪೀಕರ್ ಟರ್ಮಿನಲ್ ಹಸಿರು ಹಿಡಿದಿರುತ್ತದೆ, ವಾಲ್ಯೂಮ್ ಕಂಟ್ರೋಲಿನ ಒಳಗೆ ಮಸಿ ಕೂತಿರುತ್ತದೆ, ಎಲ್ಲೋ ಒಂದು ಸೋಲ್ಡರ್ ಬಿಟ್ಟಿರುತ್ತದೆ. ಟ್ರಾನ್ಸ್‌ಫಾರ್ಮರ್ ಮೇಲೆ ಏನಿದೆ ಓದಿ ಹೇಳಿ.

ಕಟಪಾಡಿ_ಹುಡುಗ

ಒಂದು ವಾರ ತಡವಾಯಿತು, ಕ್ಷಮಿಸಿ. ಎಲ್ಲ ಮಾಡಿ ಮುಗಿಸಿಯೇ ಬರೆಯೋಣ ಎಂದಿದ್ದೆ.

ಮೊದಲು ಹೊಸದನ್ನು ಅಳೆದೆ. ಸ್ಪೀಕರ್ 8 ಓಮೇ. ರೆಸಿಸ್ಟರ್ ಉಡುಪಿಯಲ್ಲೇ ಸಿಕ್ಕಿತು. ಅಂಗಳದ ಮೂಲೆಯಲ್ಲಿದ್ದ ಒಂದು ಒಡೆದ ಹಂಚಿನ ಮೇಲೆ ಎಂಟನ್ನೂ ಸಾಲಾಗಿ ಇಟ್ಟೆ. ಒಂದು ಕಡೆ ಮಾತ್ರ ಓಡಿಸಿದಾಗ 8.4 ವೋಲ್ಟ್‌ಗೆ ಝರ್ರ್ ಎಂದಿತು. ಅಂದರೆ 8.6 ವ್ಯಾಟ್. ಎರಡೂ ಕಡೆ ಒಟ್ಟಿಗೆ ಓಡಿಸಿದಾಗ 8.1 ವೋಲ್ಟ್, ಒಂದೊಂದಕ್ಕೆ 8 ವ್ಯಾಟ್. ಸೋಲ್ಡರ್ ಅಣ್ಣ ಫೋಟೋ ನೋಡಿ ಹೇಳಿದ್ದಕ್ಕೂ ನನ್ನ ಮೀಟರಿಗೂ ಒಂದು ವ್ಯಾಟ್ ಅಂತರ, ಅಷ್ಟೇ!

ಆಮೇಲೆ ಹಳೆಯದನ್ನು ಅಟ್ಟದಿಂದ ಇಳಿಸಿದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಟ್ರಾನ್ಸ್‌ಫಾರ್ಮರ್ ಮೇಲೆ ಕೈಯಲ್ಲೇ 22-0-22, 5 ಆಂಪ್ ಎಂದು ಬರೆದಿದ್ದಾರೆ. ಐಸಿ ಎಲ್‌ಎಂ3886, ಎರಡು. ದೊಡ್ಡ ಹೀಟ್ ಸಿಂಕ್, ಕೆಪಾಸಿಟರ್ 10,000 ಮೈಕ್ರೋಫ್ಯಾರಡ್‌ನದ್ದು ಎರಡು, ಟಾರ್ಚ್ ಸೆಲ್ಲಿಗಿಂತ ದಪ್ಪ. ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲ್‌ನಿಂದ ದಿನಾಂಕ, ಅದರ ಕೆಳಗೆ 35+35, 8 ಓಮ್ ಎಂದು ಬರೆದಿದ್ದರು. ಮಾರುವ ಡಬ್ಬದ ಮೇಲಲ್ಲ, ಯಾರೂ ನೋಡದ ಒಳಬದಿಯಲ್ಲಿ. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಎಡಗಡೆ ಟರ್ಮಿನಲ್ ನೀವು ಹೇಳಿದ ಹಾಗೆ ಪೂರ್ತಿ ಹಸಿರು. ವೈರ್ ಬೋರ್ಡಿಗೆ ಸೇರುವ ಕಡೆ ಸೋಲ್ಡರ್ ಸುತ್ತ ಉಂಗುರದ ಹಾಗೆ ಬಿರುಕು ಇತ್ತು, ಭೂತಗನ್ನಡಿ ಹಿಡಿದ ಮೇಲೆ ಕಂಡಿತು. ನನಗೆ ಧೈರ್ಯ ಬರಲಿಲ್ಲ, ಕಾಪುವಿನಲ್ಲಿ ಟಿವಿ ರಿಪೇರಿಯವರ ಹತ್ತಿರ ಕೊಂಡುಹೋದೆ. ಟರ್ಮಿನಲ್ ಎರಡು, ವಾಲ್ಯೂಮ್ ಕಂಟ್ರೋಲ್ ಒಂದು, ಸೋಲ್ಡರ್, ಎಲ್ಲ ಸೇರಿ 450 ರೂಪಾಯಿ.

ಅದೇ ಹಂಚು, ಅದೇ ರೆಸಿಸ್ಟರ್. ಎರಡೂ ಕಡೆ ಓಡಿಸಿದೆ. ವಾಲ್ಯೂಮ್ ಏರಿಸುತ್ತಾ ಹೋದ ಹಾಗೆ 12 ದಾಟಿತು, 15 ದಾಟಿತು, ಇನ್ನೂ ಊಂ ಎಂದೇ ಕೇಳುತ್ತಿತ್ತು. 17 ವೋಲ್ಟ್‌ಗೆ ಝರ್ರ್ ಎಂದಿತು. ಲೆಕ್ಕ ಹಾಕಿದರೆ 35.2 ವ್ಯಾಟ್. ರೆಸಿಸ್ಟರಿನಿಂದ ಸುಟ್ಟ ವಾಸನೆ ಬಂತು, ಕೂಡಲೇ ಆಫ್ ಮಾಡಿದೆ.

ಹೊಸದಕ್ಕೆ ರಿಟರ್ನ್ ದಿನ ಮುಗಿದಿತ್ತು. 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ನಂಬರ್ ಬಂದಿದೆ, ಏನಾಗುತ್ತದೆ ಎಂದು ಇಲ್ಲಿಯೇ ಬರೆಯುತ್ತೇನೆ. ನಿನ್ನೆ ಸಂಜೆ ಅಪ್ಪ ಯುದ್ಧದ ಪದವನ್ನೇ ಮೊದಲು ಹಾಕಲು ಹೇಳಿದರು. ಚೆಂಡೆಯ ಮೊದಲ ಪೆಟ್ಟು ಬಿದ್ದಾಗ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಅಪ್ಪ ಏನೂ ಮಾತಾಡಲಿಲ್ಲ, ಕುರ್ಚಿಯ ಕೈಯ ಮೇಲೆ ಬೆರಳಿನಿಂದ ತಾಳ ಹಾಕಲು ಶುರು ಮಾಡಿದರು.

ಎಂಟು_ಓಮ್

17 ವೋಲ್ಟ್! ಆ ರಿಪೇರಿಯವರು ಈಗಲೂ ಇದ್ದರೆ ಈ ಸಂಖ್ಯೆಯನ್ನು ಅವರಿಗೆ ಹೋಗಿ ಹೇಳಿ. ಮತ್ತೆ ಆ ಟರ್ಮಿನಲ್‌ಗೆ ಮಳೆಗಾಲ ಶುರುವಾಗುವ ಮೊದಲು ಒಂಚೂರು ವ್ಯಾಸಲೀನ್ ಸವರಿ, ಹಸಿರು ಬೇಗ ಹಿಡಿಯುವುದಿಲ್ಲ.